ಅಚ್ಚು

ನಮ್ಮ ಭಾಷೆಯಲ್ಲಿ ಕೆಲವು ಮಾತುಗಳಿವೆ, ಒಂದೇ ಮನೆಯಲ್ಲಿ ನಾಲ್ಕಾರು ಸಂಸಾರ ಹೂಡಿಕೊಂಡು ಜಗಳವಿಲ್ಲದೆ ಬಾಳುವಂಥವು. ‘ಅಚ್ಚು’ ಅಂಥದೊಂದು ಮಾತು. ಪುಸ್ತಕ ಮುದ್ರಿಸುವುದೂ ಅಚ್ಚು ಹಾಕಿಸುವುದೇ. ಆಲೆಮನೆಯಲ್ಲಿ ಬೆಲ್ಲ ಹುಯ್ಯುವುದೂ ಅಚ್ಚಿಗೇ. ಕೆರೆಯ ನೀರು ಹಾಯುವ ಬಯಲು ಅಚ್ಚುಕಟ್ಟು. ಮನೆಯನ್ನು ಒಪ್ಪವಾಗಿ ಇಟ್ಟುಕೊಳ್ಳುವುದೂ ಅಚ್ಚುಕಟ್ಟು. ಮನಸ್ಸಿಗೆ ಹತ್ತಿರವಾದವರು ಅಚ್ಚುಮೆಚ್ಚು. ಇಷ್ಟರ ನಡುವೆ, ಎತ್ತಿನ ಗಾಡಿಯ ಎರಡು ಗಾಲಿಗಳ ನಡುವೆ, ಧೂಳನ್ನೂ ಕೀಲೆಣ್ಣೆಯನ್ನೂ ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ಮಲಗಿರುವ ಕಬ್ಬಿಣದ ದಂಡವೂ ಅಚ್ಚೇ. ಗಾಡಿಯ ಅಂದವನ್ನು ಹೊಗಳುವವರು ಗಾಲಿಯನ್ನು ಹೊಗಳುತ್ತಾರೆ, ನೊಗವನ್ನು ಹೊಗಳುತ್ತಾರೆ, ಎತ್ತನ್ನಂತೂ ಹೊಗಳಿಯೇ ಹೊಗಳುತ್ತಾರೆ. ಅಚ್ಚಿನ ನೆನಪಾಗುವುದು ಅದು ಮುರಿದ ದಿನ ಮಾತ್ರ. ನನ್ನ ಬದುಕಿನ ಪಾಲಿಗೆ ಬಂದದ್ದು ಈ ಕೊನೆಯ ಅಚ್ಚು.

ಹೇಳಿಕೇಳಿ ನಾನು ಟರ್ನರ್. 1974ರಲ್ಲಿ ಐ.ಟಿ.ಐ. ಮುಗಿಸಿ ಬೆಂಗಳೂರಿನ ಜಾಲಹಳ್ಳಿಯ ಎಚ್.ಎಂ.ಟಿ. ಸೇರಿದವನು. ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಹುಟ್ಟಿದ ಕಾರ್ಖಾನೆ ಅದು. ಇಪ್ಪತ್ತಾರು ವರ್ಷ ಅಲ್ಲಿ ಸ್ಪಿಂಡಲುಗಳ ನಡುವೆ ಕಳೆದೆ. ಸ್ಪಿಂಡಲ್ ಎಂದರೆ ಲೇತಿನ ಅಚ್ಚು. ಲೇತು ಎಷ್ಟೇ ದೊಡ್ಡದಿರಲಿ, ಅದರ ಬಣ್ಣ ಎಷ್ಟೇ ಹೊಳೆಯಲಿ, ಸ್ಪಿಂಡಲ್ ಕೂದಲೆಳೆಯಷ್ಟು ಓಲಾಡಿದರೂ ಅದರಲ್ಲಿ ಕಡೆದ ಪ್ರತಿಯೊಂದು ವಸ್ತುವೂ ಆ ಓಲಾಟವನ್ನು ಮೈಮೇಲೆ ಹೊತ್ತುಕೊಂಡೇ ಹೊರಬರುತ್ತದೆ. ತಾಯಿಯ ನಡಿಗೆ ಮಗಳಿಗೆ ಬಂದ ಹಾಗೆ. 2000ದಲ್ಲಿ ಸ್ವಯಂನಿವೃತ್ತಿ ಪಡೆದು, ಆಮೇಲೂ ಕೆಲವು ವರ್ಷ ಪೀಣ್ಯದ ಸಣ್ಣ ಸಣ್ಣ ಷೆಡ್ಡುಗಳಲ್ಲಿ ಕೈ ಆಡಿಸಿದೆ. ಹೆಂಡತಿ ತೀರಿಕೊಂಡ ಮೇಲೆ, 2017ರಲ್ಲಿ, ಮಗಳು ತನ್ನಲ್ಲಿಗೆ ಕರೆಸಿಕೊಂಡಳು.

ಅವಳಿರುವುದು ಫ್ರಾನ್ಸಿನ ನಡುಮಧ್ಯದ ಕ್ಲೆರ್ಮೋಂ-ಫೆರಾಂ ಊರಿನ ಹೊರವಲಯದಲ್ಲಿ. ಸುತ್ತ ಆರಿಹೋದ ಜ್ವಾಲಾಮುಖಿಗಳ ಸಾಲು. ಅವುಗಳಲ್ಲಿ ಎತ್ತರವಾದದ್ದು ಪುಯಿ ದ ದೋಮ್, 1465 ಮೀಟರು. ಆ ಬೆಂಕಿಯ ಕಲ್ಲಿನಿಂದಲೇ ಕಟ್ಟಿದ ಊರಿನ ದೊಡ್ಡ ಇಗರ್ಜಿ ಕಾಡಿಗೆಯಷ್ಟು ಕಪ್ಪು. ಮಿಶೆಲಿನ್ ಟೈರುಗಳ ತವರೂ ಇದೇ. ಅಳಿಯನ ಉದ್ಯೋಗವೂ ಟೈರಿಗೆ ಸಂಬಂಧಪಟ್ಟದ್ದೇ. ಗಾಲಿಯ ಊರಿಗೆ ಅಚ್ಚಿನವನು ಬಂದಂತಾಯಿತು ಎಂದು ನಾನು ನಕ್ಕದ್ದುಂಟು. ಆದರೆ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟುಹೋದರೆ ಸಂಜೆಯ ತನಕ ನಾನೂ ಕಿಟಕಿಯೂ ಎದುರುಬದುರು. ಕೈಗೆ ಕೆಲಸವಿಲ್ಲದವನಿಗೆ ಎಷ್ಟು ಒಳ್ಳೆಯ ಊರಾದರೂ ಆಸ್ಪತ್ರೆಯ ಹಾಗೇ ಕಾಣುತ್ತದೆ.

ಬೇಲಿಯಾಚೆ ಒಬ್ಬ ಮುದುಕರಿದ್ದರು. ನನಗಿಂತ ಎಂಟೊಂಬತ್ತು ವರ್ಷ ಹಿರಿಯರು, ಜೀವಮಾನವೆಲ್ಲ ಬಡಗಿಯಾಗಿ ದುಡಿದವರು. ಅವರಿಗೆ ಇಂಗ್ಲಿಷು ಬಾರದು. ನನ್ನ ಹತ್ತಿರ ಇದ್ದ ಫ್ರೆಂಚು ಇಪ್ಪತ್ತು ಮಾತು, ಅದರಲ್ಲಿ ಹತ್ತು ತರಕಾರಿಯ ಹೆಸರು. ನಮ್ಮಿಬ್ಬರ ನಡುವಿನ ದುಭಾಷಿ ಒಂಬತ್ತು ವರ್ಷದ ನನ್ನ ಮೊಮ್ಮಗಳು. ಅವಳ ಫ್ರೆಂಚು ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಅಡುಗೆಮನೆ, ಊಟದ ಮೇಜು ದಾಟಿದ್ದಲ್ಲ. 2018ರ ಜೂನಿನ ಒಂದು ಶನಿವಾರ ಮುದುಕರು ಬೇಲಿಯ ಹತ್ತಿರ ಬಂದು ಅವಳಿಗೆ ಏನೋ ಹೇಳಿದರು. ಅವಳು ನನ್ನತ್ತ ತಿರುಗಿ, “ತಾತ, ಅವರ ಹತ್ತಿರ ಎಲ್ಲಾ ಇದೆಯಂತೆ, ಮರ ಒಂದು ಇಲ್ಲವಂತೆ. ನೀನು ಮರ ಮಾಡ್ತೀಯಾ ಅಂತ ಕೇಳ್ತಿದಾರೆ” ಎಂದಳು. ಮರ ಮಾಡುವುದು ದೇವರ ಕೆಲಸವಲ್ಲವೇ, ನನ್ನನ್ನು ಯಾಕೆ ಕೇಳುತ್ತಾರೆ ಎಂದು ಯೋಚಿಸುತ್ತಲೇ ಅವರ ಷೆಡ್ಡಿನೊಳಗೆ ಹೋದೆ. ಅಲ್ಲಿ ನೋಡಿದರೆ ನೆಲದಿಂದ ಸೂರಿನವರೆಗೂ ಬರೀ ಮರ!

“ಮರ ಆದಮೇಲೆ ನಾಯಿ ಬೊಗಳಬೇಕಂತೆ,” ಎಂದು ಅವಳು ಮುಂದುವರಿಸಿದಳು. “ಒಂದು ನಾಯಿ, ಒಂದು ನೊಣ, ಎರಡು ದುಂಬಿ, ಎರಡು ಅಣಬೆ ಇದೆಯಂತೆ.”

ಮುದುಕರು ನನ್ನ ಮುಖ ನೋಡಿ, ಮಾತು ಬಿಟ್ಟು, ಬಟ್ಟೆ ಹೊದಿಸಿದ್ದ ಒಂದು ವಸ್ತುವನ್ನು ಮೇಜಿನ ಮೇಲೆ ತೆರೆದಿಟ್ಟರು. ಹೊಟ್ಟೆ ವೀಣೆಯ ಬುರುಡೆಯಂತೆ ದುಂಡಗೆ, ಮೇಪಲ್ ಮತ್ತು ಅಕ್ರೋಟು ಮರದ ತೆಳು ಪಟ್ಟಿಗಳನ್ನು ಒಂದು ಬಿಳಿ ಒಂದು ಕಂದು ಎಂದು ಬಾಗಿಸಿ ಅಂಟಿಸಿದ್ದು. ಅದರ ಮೇಲೆ ಕೂರಬೇಕಾದ ಮುಚ್ಚಳದ ಹಲಗೆ ಪಕ್ಕದಲ್ಲಿ ಬೇರೆಯಾಗಿಯೇ ಇತ್ತು. 23 ಬಿಲ್ಲೆಗಳ ಉದ್ದನೆಯ ಪೆಟ್ಟಿಗೆ ಇತ್ತು. ತುದಿಯಲ್ಲಿ ಹೆಣ್ಣಿನ ತಲೆಯ ಕೆತ್ತನೆ. ನಡುವೆ ಚಕ್ರ ಇರಬೇಕಾದಲ್ಲಿ ಬರೀ ಖಾಲಿ. ಅದು ಇಂಗ್ಲಿಷಿನವರು ಹರ್ಡಿಗರ್ಡಿ ಎನ್ನುವ, ಫ್ರೆಂಚರು ‘ವಿಯೆಲ್ ಆ ರೂ’, ಅಂದರೆ ಚಕ್ರದ ವಿಯೆಲ್, ಎನ್ನುವ ವಾದ್ಯ. ಆಗ ಅರ್ಥವಾಯಿತು. ಫ್ರೆಂಚಿನಲ್ಲಿ ತಿರುಗುವ ದಂಡಕ್ಕೆ ‘ಆರ್ಬ್ರ್’ ಎನ್ನುತ್ತಾರೆ. ಮರಕ್ಕೂ ಅದೇ ಮಾತು. ರಾಗ ನುಡಿಸುವ ಎರಡು ತಂತಿಗಳ ಹೆಸರು ‘ಶಾಂತರೆಲ್’. ಆ ಹೆಸರಿನ ಅಣಬೆಯೂ ಇದೆ. ಶ್ರುತಿ ಹಿಡಿಯುವ ತಂತಿಗಳಲ್ಲಿ ಒಂದಕ್ಕೆ ನೊಣ, ಎರಡಕ್ಕೆ ದುಂಬಿ ಎಂದು ಹೆಸರು. ಹುಡುಗಿ ಒಂದಕ್ಷರ ತಪ್ಪಿರಲಿಲ್ಲ. ನಗಬೇಡಿ, ನಮ್ಮಲ್ಲೂ ಪಿಟೀಲಿನ ತಂತಿ ಹೊರುವ ತುಂಡು ಮರಕ್ಕೆ ಕುದುರೆ ಎನ್ನುವುದಿಲ್ಲವೇ? ಅವರೂ ಅದಕ್ಕೆ ಕುದುರೆಮರಿ ಎಂದೇ ಅನ್ನುತ್ತಾರೆ.

ವಾದ್ಯದ ತತ್ತ್ವ ಬಲು ಸರಳ. ಪಿಟೀಲಿನಲ್ಲಿ ಕಮಾನು ಹೋಗುತ್ತದೆ, ಮುಗಿಯುತ್ತದೆ, ಹಿಂದಿರುಗಿ ಬರಬೇಕು. ಇಲ್ಲಿ ಕಮಾನಿನ ಬದಲು ಒಂದು ಮರದ ಚಕ್ರ. ಅದರ ಅಂಚಿಗೆ ರಾಳ ತಿಕ್ಕಿದೆ. ಬಲಗೈಯಲ್ಲಿ ಹಿಡಿಕೆ ತಿರುಗಿಸಿದರೆ ಚಕ್ರ ತಿರುಗಿ, ಮೇಲೆ ಹಾದುಹೋಗುವ ತಂತಿಗಳನ್ನೆಲ್ಲ ಒಟ್ಟಿಗೇ ಉಜ್ಜುತ್ತದೆ. ಕೊನೆಯಿಲ್ಲದ ಕಮಾನು ಎನ್ನಿ. ಎಡಗೈ ಬೆರಳು ಬಿಲ್ಲೆ ಒತ್ತಿದಾಗ ಒಳಗಿನ ಸಣ್ಣ ಮರದ ಹಲ್ಲು ತಂತಿಯನ್ನು ಮುಟ್ಟಿ ಸ್ವರ ಬದಲಿಸುತ್ತದೆ. ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ಉಳಿದ ತಂತಿಗಳು ತಂಬೂರಿಯಂತೆ ಒಂದೇ ಶ್ರುತಿಯಲ್ಲಿ ಮೊರೆಯುತ್ತಿರುತ್ತವೆ. ಅವುಗಳಲ್ಲಿ ‘ತ್ರೋಂಪೆತ್’ ಎಂಬ ತಂತಿಯ ಕೆಳಗಿರುವುದೇ ನಾಯಿ. ಅದು ಒಂದು ಕಾಲು ಮಾತ್ರ ಊರಿ, ಇನ್ನೊಂದನ್ನು ಹಲಗೆಯ ಮೇಲೆ ಹಗುರಾಗಿ ಇಟ್ಟುಕೊಂಡಿರುವ ಪುಟ್ಟ ಕುದುರೆ. ತಿರುಗಿಸುವ ಕೈ ಮಣಿಕಟ್ಟಿನಿಂದ ತುಸು ಜರ್ಕು ಕೊಟ್ಟರೆ ಆ ಸಡಿಲ ಕಾಲು ಹಲಗೆಯನ್ನು ಬಡಿದು ‘ಝರ್’ ಎನ್ನುತ್ತದೆ. ಹೀಗೆ ಒಂದು ಸುತ್ತಿಗೆ ಎರಡು, ಮೂರು, ನಾಲ್ಕು ಝೇಂಕಾರ. ಆ ಸೀಮೆಯ ಬೂರೆ ಕುಣಿತದ ಮೂರೆಣಿಕೆಯ ತಾಳವನ್ನು ನಾಯಿಯೇ ಹಾಕುತ್ತದೆ, ಮದ್ದಳೆ ಬೇಡ. ತಂಬೂರಿಯ ತಂತಿಯ ಕೆಳಗೆ ನೂಲಿನ ಜೀವಾಳ ಇಟ್ಟು ನಾದ ಎಬ್ಬಿಸುವುದನ್ನು ಕಂಡವರಿಗೆ ಇದು ದೂರದ ನೆಂಟನಂತೆ ಕಾಣುತ್ತದೆ.

ಈ ವಾದ್ಯದ ಜಾತಕ ವಿಚಿತ್ರವಾದದ್ದು. ಸ್ಪೇನಿನ ಸಾಂತಿಯಾಗೋ ದ ಕಾಂಪೊಸ್ತೆಲಾ ಇಗರ್ಜಿಯ ದ್ವಾರದಲ್ಲಿ, 1188ರ ಕಾಲದ ಕೆತ್ತನೆಯಲ್ಲಿ, ಇಬ್ಬರು ಹಿರಿಯರು ಒಂದೇ ವಾದ್ಯವನ್ನು ತೊಡೆಗಳ ಮೇಲೆ ಹಂಚಿಕೊಂಡು ಕೂತಿದ್ದಾರೆ; ಅದು ಇದರ ಮುತ್ತಜ್ಜ. ಆಮೇಲೆ ವಾದ್ಯ ಚಿಕ್ಕದಾಯಿತು, ಒಬ್ಬನ ಮಡಿಲಿಗೆ ಬಂತು, ದೇವರ ಮನೆಯಿಂದ ಬೀದಿಗೂ ಬಂತು. 17ನೆಯ ಶತಮಾನದಲ್ಲಿ ಜಾರ್ಜ್ ದ ಲಾ ತೂರ್ ಬರೆದ ಚಿತ್ರದಲ್ಲಿ ಅದನ್ನು ನುಡಿಸುವವನು ಬಾಯ್ದೆರೆದು ಹಾಡುತ್ತಿರುವ ಕುರುಡು ಮುದುಕ. ಆ ಚಿತ್ರ ನಾಂತ್ ಊರಿನ ಸಂಗ್ರಹಾಲಯದಲ್ಲಿದೆ. ಮುಂದಿನ ಶತಮಾನದಲ್ಲಿ ಅರಮನೆಯವರಿಗೆ ಹಳ್ಳಿಯ ಮೋಹ ಹತ್ತಿತು. ವೆರ್ಸಾಯ್‌ನಲ್ಲಿ ಬಾತೋಂ ಎಂಬ ಕುಶಲಿ ಹಳೆಯ ಗಿಟಾರುಗಳ, ಲ್ಯೂಟುಗಳ ಹೊಟ್ಟೆ ಬಿಚ್ಚಿ ಚಕ್ರ ಕೂರಿಸಿ ದೊರೆಸಾನಿಯರಿಗೆ ಮಾರಿದ. ನೇಪಲ್ಸಿನ ರಾಜನಿಗಾಗಿ ಹೈಡನ್ ಮಹಾಶಯ, ಒಳಗೆ ಪುಟ್ಟ ಕೊಳವೆಗಳನ್ನೂ ಜೋಡಿಸಿದ ಇಂಥದೇ ವಾದ್ಯಕ್ಕೆ 1786ರ ಸುಮಾರಿಗೆ ಕೃತಿಗಳನ್ನು ರಚಿಸಿದ. ಮತ್ತೆ ಕಾಲ ತಿರುಗಿತು. 1827ರಲ್ಲಿ ಶೂಬರ್ಟ್ ರಚಿಸಿದ ‘ಚಳಿಗಾಲದ ಪಯಣ’ದ ಕೊನೆಯ ಹಾಡಿನಲ್ಲಿ ಇದನ್ನು ತಿರುಗಿಸುವವನು ಹಿಮದ ಮೇಲೆ ಬರಿಗಾಲಲ್ಲಿ ನಿಂತ ಮುದುಕ, ಅವನ ತಟ್ಟೆ ಖಾಲಿ, ಸುತ್ತ ನಾಯಿಗಳ ಗುರುಗುಡಿಕೆ. ಅರಮನೆಗೂ ಭಿಕ್ಷೆಗೂ ಇಷ್ಟು ಸಲೀಸಾಗಿ ಓಡಾಡಿದ ವಾದ್ಯ ಇನ್ನೊಂದಿರಲಾರದು. ಚಕ್ರದ ವಾದ್ಯವಲ್ಲವೇ, ಮೇಲಿದ್ದದ್ದು ಕೆಳಗೆ ಬಂದೇ ಬರುತ್ತದೆ.

ನೆರೆಯವರ ಕಥೆಗೆ ಬರುತ್ತೇನೆ. ಅವರ ಹೆಂಡತಿ ಒಂದು ಜಾನಪದ ಕುಣಿತದ ತಂಡದಲ್ಲಿ ವಿಯೆಲ್ ನುಡಿಸುತ್ತಿದ್ದರಂತೆ, ಎರವಲು ತಂದ ವಾದ್ಯದಲ್ಲಿ. ನಿವೃತ್ತನಾದ ಮೇಲೆ ನಿನ್ನದೇ ಒಂದು ಮಾಡಿಕೊಡುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು. 2012ರಲ್ಲಿ ಶುರುವಾಯಿತು. ಒಳ್ಳೆಯ ಬಡಗಿಗೆ ಅವಸರವಿರುವುದಿಲ್ಲ. 2015ರಲ್ಲಿ ಆಕೆ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ತಲೆಯ ಕೆತ್ತನೆ ಆದದ್ದೇ ಆಮೇಲೆ. ಮರದ ಕೆಲಸವೆಲ್ಲ ಮುಗಿದು ಕಬ್ಬಿಣದ ಕೆಲಸ ಒಂದು ಉಳಿಯಿತು. ಅದು ತಮ್ಮ ಕುಲದ್ದಲ್ಲವೆಂದು ಮುಂದೂಡುತ್ತಾ ಬಂದರು. ಅಷ್ಟರಲ್ಲಿ ಬಲಗೈ ನಡುಗಲು ತೊಡಗಿತು. ವೈದ್ಯರು ಪಾರ್ಕಿನ್ಸನ್ ಎಂದರು. ಈಗ ಮನೆಯನ್ನು ಮಾರಿಯಾಗಿತ್ತು. ಅಕ್ಟೋಬರಿನ ಕೊನೆಗೆ ಷೆಡ್ಡು ಖಾಲಿ ಮಾಡಿ ಮಗನ ಊರಿಗೆ ಹೋಗಬೇಕು. ಇದನ್ನೆಲ್ಲ ಹುಡುಗಿಗೆ ಹೇಳಲು ಮನಸ್ಸು ಬಾರದೆ, ಇನ್ನೊಂದು ದಿನ ನನ್ನ ಮಗಳು ಮನೆಯಲ್ಲಿದ್ದಾಗ ಹೇಳಿ ಕಳಿಸಿದರು. ಆಗ ನನ್ನ ಮುಂದಿದ್ದದ್ದು ನಾಲ್ಕೂವರೆ ತಿಂಗಳು. ಅಚ್ಚು ಸರಿಯಾಗಿ ಕೂತಲ್ಲದೆ ಮುಚ್ಚಳ ಅಂಟಿಸುವಂತಿಲ್ಲ. ಮುಚ್ಚಳ ಅಂಟದೆ ತಂತಿ ಏರಿಸುವಂತಿಲ್ಲ. ಆರು ವರ್ಷದ ಕೆಲಸ, ಒಬ್ಬ ಮನುಷ್ಯ ತನ್ನ ಹೆಂಡತಿಗೆ ಕೊಟ್ಟ ಮಾತು, ಗೇಣುದ್ದಕ್ಕಿಂತ ತುಸು ಹೆಚ್ಚಿನ ಒಂದು ಕಬ್ಬಿಣದ ಕಡ್ಡಿಗಾಗಿ ಕಾಯುತ್ತಾ ನಿಂತಿತ್ತು.

ಅವರ ಷೆಡ್ಡಿನ ಮೂಲೆಯಲ್ಲಿ, ತಮ್ಮನಿಂದ ಬಂದದ್ದೆಂದು, ಮೇಜಿನ ಮೇಲಿಡುವ ಒಂದು ಹಳೆಯ ಲೇತಿತ್ತು. ಮೊದಲು ಅದರ ಸ್ಪಿಂಡಲಿಗೆ ಡಯಲ್ ಗೇಜು ಹಚ್ಚಿ ನೋಡಿದೆ. ಮುಳ್ಳು ಕದಲಲಿಲ್ಲವೆನ್ನುವಷ್ಟು ಕದಲಿತು. ಮುದುಕನಾದರೂ ಪ್ರಾಮಾಣಿಕ ಎಂದುಕೊಂಡು ಬೆನ್ನು ತಟ್ಟಿದೆ. ಉಕ್ಕಿನ ದಂಡವನ್ನು ಎರಡು ಸೆಂಟರುಗಳ ನಡುವೆ ಹಿಡಿದು 10 ಮಿಲಿಮೀಟರ್ ದಪ್ಪಕ್ಕೆ ಕಡೆದೆ. ಚಕ್ಕಿನಲ್ಲಿ ಹಿಡಿದರೆ ಬೇಗ ಆಗುತ್ತದೆ, ನಿಜ. ಆದರೆ ಚಕ್ಕಿನಿಂದ ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಿಡಿದಾಗ ಅದೇ ನಡುವಿಗೆ ಬರುತ್ತದೆಂಬ ಭರವಸೆಯಿಲ್ಲ. ಸೆಂಟರುಗಳ ನಡುವೆ ಕಡೆದದ್ದನ್ನು ನಾಳೆ ಏರಿಸಿ, ಹತ್ತು ವರ್ಷ ಬಿಟ್ಟು ಏರಿಸಿ, ಅದರ ನಡು ಅದರಲ್ಲೇ ಇರುತ್ತದೆ.

ಅಚ್ಚು ತಿರುಗುವುದು ಎರಡು ಕಡೆಯ ಆಸರೆಯ ಮೇಲೆ: ವಾದ್ಯದ ಬಾಲದ ದಿಮ್ಮಿಯಲ್ಲಿ ಒಂದು, ಚಕ್ರದಾಚೆ ಹೊಟ್ಟೆಯೊಳಗಿನ ಅಡ್ಡಪಟ್ಟಿಯಲ್ಲಿ ಒಂದು. ಈ ಎರಡು ತೂತುಗಳೂ ಒಂದೇ ಗೆರೆಯಲ್ಲಿರಬೇಕು. ಬೇರೆ ಬೇರೆ ಕೊರೆದರೆ ಆ ಗೆರೆ ಸಿಕ್ಕುವುದು ಕಷ್ಟ. ಬಾಲದಿಂದಲೇ ಉದ್ದನೆಯ ಡ್ರಿಲ್ಲು ತೂರಿಸಿ ಒಂದೇ ಉಸಿರಿನಲ್ಲಿ ಎರಡನ್ನೂ ಕೊರೆಯಬೇಕು. ಬುಷ್ಷು ಯಾವುದು ಎಂಬಲ್ಲಿ ನಮಗಿಬ್ಬರಿಗೂ ವಾದ ಬಿತ್ತು. ನಾನು ಬಾಲ್ ಬೇರಿಂಗ್ ಎಂದೆ; ಇಂದಿನ ತಯಾರಕರಲ್ಲಿ ಅದನ್ನು ಹಾಕುವವರೂ ಇದ್ದಾರೆ. ಮುದುಕರು ಎರಡೂ ಕೈಯಾಡಿಸಿ ಒಲ್ಲೆನೆಂದರು. ಒಂದು ಬೇರಿಂಗನ್ನು ತಂದು ಬೆರಳಲ್ಲಿ ತಿರುಗಿಸಿ, ಖಾಲಿ ಹೊಟ್ಟೆಯ ಮರಕ್ಕೆ ತಾಗಿಸಿ ಹಿಡಿದರು. ಗುಂಡುಗಳ ಗಿರಗಿರ ಸದ್ದು ಇಡೀ ವಾದ್ಯದಲ್ಲಿ ಮೊಳಗಿತು. ನಾನು ಇಪ್ಪತ್ತಾರು ವರ್ಷ ಅಚ್ಚುಗಳನ್ನು ಕೂರಿಸಿದ್ದು ಬೀಡಿನ ಮೈಯಲ್ಲಿ. ಅಲ್ಲಿ ಸದ್ದನ್ನು ನುಂಗಿಕೊಳ್ಳುವ ಮೈ. ಇಲ್ಲಿ ಸದ್ದಾಗುವುದೇ ಮೈಯ ಧರ್ಮ. ಹಾಗಾಗಿ ಕಂಚಿನ ಬುಷ್ಷು ಎಂದಾಯಿತು. ಎಣ್ಣೆಯನ್ನು ತನ್ನೊಳಗೇ ಹೀರಿಕೊಂಡಿರುವ ರಂಧ್ರಮಯ ಕಂಚು ಅದು. ಒಂದು ಹನಿ ಎಣ್ಣೆ ಚಕ್ರದ ಅಂಚಿಗೆ ಹರಿದರೆ ರಾಳ ಸತ್ತಂತೆ, ನಾದವೂ ಸತ್ತಂತೆ. ಆದ್ದರಿಂದ ಬುಷ್ಷಿಗೂ ಚಕ್ರಕ್ಕೂ ನಡುವೆ ಒಂದು ತೊಗಲಿನ ಬಿಲ್ಲೆಯ ಕಾವಲು.

ಬುಷ್ಷನ್ನು ಮರದಲ್ಲಿ ಒತ್ತಿ ಕೂರಿಸಿದಾಗ ಅದರ ತೂತು ತುಸು ಬಿಗಿಯುತ್ತದೆ. ಅದಕ್ಕೇ ಕೂರಿಸಿದ ಮೇಲೆಯೇ ರೀಮರ್ ಹಾಕುವುದು. ಆಮೇಲೆ ಬರುತ್ತದೆ ನನ್ನ ಕಸುಬಿನ ನಿಜವಾದ ಪ್ರಶ್ನೆ: ಎಷ್ಟು ಸಡಿಲ? ನಮ್ಮ ಕಾರ್ಖಾನೆಯ ಕೋಷ್ಟಕದಲ್ಲಿ ನಯವಾಗಿ ತಿರುಗುವ ಜೋಡಿಗೆ ‘ಎಚ್7-ಜಿ6’ ಎಂಬ ಹೆಸರಿದೆ. 10 ಮಿಲಿಮೀಟರಿನ ಅಚ್ಚಿಗೆ ಆ ಲೆಕ್ಕದಲ್ಲಿ ಬಿಡಬಹುದಾದ ಸಂದು 0.005ರಿಂದ 0.029 ಮಿಲಿಮೀಟರಿನವರೆಗೆ. ಕೂದಲೆಳೆಯ ದಪ್ಪದ ಅರ್ಧಕ್ಕೂ ಕಡಿಮೆ. ಇದಕ್ಕಿಂತ ಬಿಗಿಯಾದರೆ ಅಚ್ಚು ಕಚ್ಚುತ್ತದೆ, ಕೈ ಭಾರವಾಗುತ್ತದೆ. ಇದಕ್ಕಿಂತ ಸಡಿಲವಾದರೆ, ನಾಯಿಯನ್ನು ಬೊಗಳಿಸಲು ಮಣಿಕಟ್ಟು ಜರ್ಕು ಕೊಟ್ಟಾಗಲೆಲ್ಲ ಅಚ್ಚೇ ‘ಟಕ್’ ಎನ್ನುತ್ತದೆ. ಮೊಮ್ಮಗಳು ಅಚ್ಚನ್ನು ಬುಷ್ಷಿನೊಳಗೆ ಇಳಿಬಿಟ್ಟು, ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ, ಗಾಳಿಯನ್ನು ತಳ್ಳಿಕೊಂಡು ಇಳಿಯುವುದನ್ನು ಕಂಡು, “ಇದು ಬಿಗಿಯೋ ಸಡಿಲವೋ?” ಎಂದು ಕೇಳಿದಳು. ಎರಡೂ ಅಲ್ಲ, ಹದ ಎಂದೆ. ಅವಳು ಅದನ್ನು ಫ್ರೆಂಚಿಗೆ ತರಲು ಬಹಳ ಹೊತ್ತು ತಿಣುಕಿದಳು. ಕೊನೆಗೆ ಮುದುಕರೇ ಅಚ್ಚನ್ನು ಹಾಗೇ ಇಳಿಬಿಟ್ಟು ನೋಡಿ ತಲೆಯಾಡಿಸಿದರು. ಕೆಲವು ಮಾತುಗಳಿಗೆ ದುಭಾಷಿ ಬೇಕಿಲ್ಲ.

ಚಕ್ರ ಮರದ್ದು, ಸುಮಾರು 17 ಸೆಂಟಿಮೀಟರ್ ಅಗಲ. ಒಂದೇ ಹಲಗೆಯಿಂದ ಕತ್ತರಿಸಿದ ಚಕ್ರಕ್ಕೆ ಒಂದು ಶಾಪವಿದೆ: ಅದರ ಅಂಚಿನಲ್ಲಿ ಎರಡು ಕಡೆ ಮರದ ಎಳೆ ಉದ್ದಕ್ಕಿದ್ದರೆ ಎರಡು ಕಡೆ ತುದಿ ಮಾಡಿಕೊಂಡಿರುತ್ತದೆ. ಮಳೆಗೂ ಬಿಸಿಲಿಗೂ ಮರ ಎಳೆಯ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಇಂದು ದುಂಡಗಿದ್ದ ಚಕ್ರ ಆರು ತಿಂಗಳಲ್ಲಿ ಮೊಟ್ಟೆಯಾಗುತ್ತದೆ. ಅದಕ್ಕಾಗಿ ಮುದುಕರು ಎಳೆಗಳನ್ನು ಅಡ್ಡಡ್ಡ ಇಟ್ಟು ಪದರ ಪದರವಾಗಿ ಅಂಟಿಸಿ, ಅಂಚಿಗೆ ಮರಸೇಬಿನ ತೆಳು ಪಟ್ಟಿಯನ್ನು ಸುತ್ತಲೂ ಬಾಗಿಸಿ ಕೂರಿಸಿದ್ದರು. ಆ ಮರಸೇಬು ಹಿಂದೆ ಅವರ ಹಿತ್ತಲಲ್ಲೇ ಇದ್ದದ್ದು. ನಾನು ಹಿತ್ತಾಳೆಯ ಒಂದು ಗುಂಬ ಕಡೆದು ಚಕ್ರಕ್ಕೆ ತಿರುಪಿನಿಂದ ಬಿಗಿದೆ. ಗುಂಬಕ್ಕೂ ಅಚ್ಚಿಗೂ ಅಡ್ಡಲಾಗಿ ಒಂದು ಟೇಪರ್ ಪಿನ್ನು. ಐವತ್ತಕ್ಕೆ ಒಂದರಂತೆ ಸಣ್ಣಗಾಗುತ್ತಾ ಹೋಗುವ ಆ ಪಿನ್ನು ಮುಂದಿನಿಂದ ಹೊಡೆದರೆ ಕೂರುತ್ತದೆ, ಹಿಂದಿನಿಂದ ತಟ್ಟಿದರೆ ಹೊರಬರುತ್ತದೆ. ನಮ್ಮ ಗಾಡಿಯ ಕಡೆಗೀಲಿನ ಮೊಮ್ಮಗ ಎನ್ನಿ. ಎರಡು ಹನಿ ಎಪಾಕ್ಸಿ ಹಾಕಿದ್ದರೆ ಐದು ನಿಮಿಷದ ಕೆಲಸ. ಆದರೆ ನಾಳೆ ಇನ್ನೊಬ್ಬ ಕೆಲಸಗಾರ ಇದನ್ನು ಬಿಚ್ಚಬೇಕಾದೀತು. ಬಿಚ್ಚಲು ಬರುವಂತೆ ಕೂಡಿಸುವುದೇ ಆ ಮುಂದಿನವನಿಗೆ ನಾವು ಮಾಡುವ ನಮಸ್ಕಾರ.

ಇನ್ನು ಚಕ್ರವನ್ನು ದುಂಡಗೆ ಮಾಡುವುದು. ಚಕ್ರವನ್ನು ಬೇರೆ ದುಂಡಗೆ ಮಾಡಿ ತಂದು ಅಚ್ಚಿಗೆ ಪೋಣಿಸಿದರೆ ಅದು ಓಲಾಡಿಯೇ ಆಡುತ್ತದೆ. ಮೊದಲು ಅಚ್ಚಿಗೆ ಚಕ್ರ ಕೂಡಬೇಕು, ಆಮೇಲೆ ಆ ಅಚ್ಚಿನ ಮೇಲೆಯೇ ಚಕ್ರದ ಅಂಚು ಕಡೆಯಬೇಕು. ಅಚ್ಚನ್ನು ಮತ್ತೆ ಸೆಂಟರುಗಳ ನಡುವೆ ಏರಿಸಿ, ಹರಿತವಾದ ಉಳಿ ಕಟ್ಟಿ, ಬೂಸಾ ಹಾರುವಷ್ಟು ತೆಳುವಾಗಿ ತೆಗೆದೆ. ವಾದ್ಯದೊಳಗೆ ಕೂರಿಸಿ ಗೇಜು ಹಚ್ಚಿದಾಗ ಒಂದು ಕಡೆ ಮುಳ್ಳು 0.04 ತೋರಿಸಿತು. ಮುದುಕರಿಗೆ ನನ್ನ ಗೇಜಿನ ಮೇಲೆ ನಂಬಿಕೆಯಿರಲಿಲ್ಲ. ಜೇಬಿನಿಂದ ಮೆತ್ತನೆಯ ಪೆನ್ಸಿಲ್ ತೆಗೆದು, ಮೊಣಕೈಯನ್ನು ಮೇಜಿಗೂರಿ, ಎಡಗೈಯಲ್ಲಿ ನಡುಗುವ ಬಲಗೈಯನ್ನು ಅದುಮಿ ಹಿಡಿದು, ತಿರುಗುವ ಚಕ್ರಕ್ಕೆ ಪೆನ್ಸಿಲಿನ ಮೊನೆಯನ್ನು ಉಸಿರು ತಾಕುವಷ್ಟೇ ತಾಕಿಸಿದರು. ಚಕ್ರದ ಒಂದೇ ಕಡೆ ಬೂದು ಗೆರೆ ಮೂಡಿತು. ನೋಡಿದರೆ ನನ್ನ ಗೇಜು 0.04 ತೋರಿಸಿದ್ದ ಜಾಗವೇ! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದಿನಿಂದ ಗೇಜೂ ಪೆನ್ಸಿಲೂ ಒಂದೇ ಡಬ್ಬಿಯಲ್ಲಿ ಇರತೊಡಗಿದವು.

ಹಿಡಿಕೆಯ ವಿಷಯವೊಂದನ್ನು ಹೇಳಿಬಿಡುತ್ತೇನೆ. ಅದು ಅಚ್ಚಿನ ತುದಿಗೆ ಸಾಮಾನ್ಯ ಬಲಮರೆಯಿಂದಲೇ ತಿರುಪಿಕೊಳ್ಳುತ್ತದೆ. ಬಾಲದ ಕಡೆಯಿಂದ ನೋಡಿದರೆ ನುಡಿಸುವವರು ತಿರುಗಿಸುವುದು ಪ್ರದಕ್ಷಿಣೆಯಾಗಿ, ಆದ್ದರಿಂದ ನುಡಿಸಿದಷ್ಟೂ ಹಿಡಿಕೆ ಬಿಗಿಯಾಗುತ್ತದೆ. ಅಪ್ರದಕ್ಷಿಣೆ ಮಾಡಿದರೆ ಮಾತ್ರ ಕಳಚಿಕೊಳ್ಳುತ್ತದೆ. ಇದನ್ನು ಕೇಳಿ ಮಗಳು, “ಅಮ್ಮ ಇದ್ದಿದ್ದರೆ ಈ ವಾದ್ಯ ನಮ್ಮವರದ್ದೇ ಅನ್ನುತ್ತಿದ್ದಳು” ಎಂದಳು.

ಸೆಪ್ಟೆಂಬರಿನ ಒಂದು ಭಾನುವಾರ ಅಳಿಯ ನಮ್ಮೆಲ್ಲರನ್ನೂ ಕಾರಿನಲ್ಲಿ ಜಾಂಜಾ ಎಂಬ ಹಳ್ಳಿಗೆ ಕರೆದೊಯ್ದ. ಕ್ಲೆರ್ಮೋಂನಿಂದ ಉತ್ತರಕ್ಕೆ, ಸಿಯೂಲ್ ಹೊಳೆಯ ದಂಡೆಯ ಪುಟ್ಟ ಊರು. 19ನೆಯ ಶತಮಾನದಲ್ಲಿ ಪಾಜೋ, ಪ್ಯಾಂಪಾರ್ ಮೊದಲಾದ ಮನೆತನಗಳು ಅಲ್ಲಿ ಮಾಡಿದ ವಿಯೆಲ್‌ಗಳು ದೂರದೂರಕ್ಕೆ ಹೋಗುತ್ತಿದ್ದವು. ಪಾಜೋ ಮನೆತನದ ಮನೆಯೇ ಈಗ ಸಂಗ್ರಹಾಲಯ. ಉಳಿದವರು ಕೆತ್ತನೆಯ ತಲೆಗಳನ್ನೂ ಬಣ್ಣಬಣ್ಣದ ಅಂಚುಗಳನ್ನೂ ನೋಡುತ್ತಿದ್ದರು. ನಾನು ಒಂದೊಂದು ವಾದ್ಯದ ಬಾಲದ ಕಡೆಗೆ ಹೋಗಿ ಬಗ್ಗಿ ನೋಡಿದೆ. ಹಿಡಿಕೆ ಕಾಣುತ್ತದೆ, ಮರೆ ಕಾಣುತ್ತದೆ, ಅಚ್ಚು ಮಾತ್ರ ಕಾಣುವುದಿಲ್ಲ. ವಾದ್ಯದ ಮೇಲೆ ಮಾಡಿದವನ ಹೆಸರು ಅಚ್ಚೊತ್ತಿರುತ್ತದೆ. ಅಚ್ಚು ಕಡೆದವನು ಅದೇ ಮನುಷ್ಯನೋ, ಊರಿನ ಕಮ್ಮಾರನೋ, ಎಲ್ಲೂ ಬರೆದಿಲ್ಲ. ಬೇಸರವೇನೂ ಆಗಲಿಲ್ಲ. ಎಚ್.ಎಂ.ಟಿ. ಲೇತುಗಳ ಮೇಲೂ ನನ್ನ ಹೆಸರಿಲ್ಲ.

ಮುಚ್ಚಳ ಅಂಟಿಸುವ ದಿನ ಅಕ್ಟೋಬರ್ ಮೊದಲ ವಾರದಲ್ಲಿ ಬಂತು. ಅಚ್ಚು ಹಿಂದೆಮುಂದೆ ಜಾರದಂತೆ ಎಲುಬಿನ ತೆಳು ಬಿಲ್ಲೆ ತಿಕ್ಕಿ ತಿಕ್ಕಿ ಹೊಂದಿಸಿ, ಕೊನೆಯ ಸಲ ತಿರುಗಿಸಿ ನೋಡಿದೆವು. ಸದ್ದಿಲ್ಲ. ಪ್ರಾಣಿಯ ತೊಗಲಿನಿಂದ ಕಾಯಿಸಿದ ಹಳೆಯ ಕಾಲದ ಸರೇಸು ಬಿಸಿಯಾಗುತ್ತಿತ್ತು. ಬಿಸಿ ಚಾಕು ಹಾಕಿದರೆ ಬಿಟ್ಟುಕೊಳ್ಳುವ ಅಂಟು ಅದು. ನನ್ನ ಟೇಪರ್ ಪಿನ್ನಿನ ಜಾತಿಯದೇ. ಮುದುಕರು ಆ ಪೆನ್ಸಿಲನ್ನು ನನ್ನ ಕೈಗಿಟ್ಟು ಒಳಗಿನ ಅಡ್ಡಪಟ್ಟಿಯನ್ನು ತೋರಿಸಿದರು. ಅಲ್ಲಿ ಅವರ ಹೆಸರು, ಕೆಳಗೆ ಅವರ ಹೆಂಡತಿಯ ಹೆಸರು ಆಗಲೇ ಇದ್ದವು. ನನ್ನ ಹೆಸರನ್ನು ಬರೆಯಬೇಕಂತೆ. ನಾನು ಸ್ವಲ್ಪ ಯೋಚಿಸಿ, ನಮ್ಮ ಲಿಪಿಯಲ್ಲಿ ‘ಅಚ್ಚು’ ಎಂದು ಬರೆದು ಇಸವಿ ಹಾಕಿದೆ. ಹುಡುಗಿ ಅಕ್ಷರ ಕೂಡಿಸಿಕೊಂಡು ಓದಿದಳು. ಒತ್ತಕ್ಷರವನ್ನು ಅವಳು ತಾನಾಗಿ ಓದಿದ್ದು ಅದೇ ಮೊದಲು. “ಇದು ನಿನ್ನ ಹೆಸರಲ್ಲವಲ್ಲ!” ಎಂದಳು. ನನ್ನ ಕೆಲಸದ ಹೆಸರು ಎಂದೆ. ಆಮೇಲೆ ಮುಚ್ಚಳ ಬಿತ್ತು, ಕ್ಲಾಂಪು ಬಿಗಿದೆವು.

ತಂತಿಗಳು ಕುರಿಯ ಕರುಳಿನವು. ಚಕ್ರ ತಾಗುವ ಕಡೆ ಅವಕ್ಕೆ ಹತ್ತಿಯ ಎಳೆ ಸುತ್ತಬೇಕು. ಹೆಚ್ಚಾದರೆ ನಾದ ಮಂಕು, ಕಡಿಮೆಯಾದರೆ ಕೀರಲು. ಅದು ಬೆರಳ ತುದಿಯ ಕೆಲಸ, ಅವರಿಂದ ಸಾಧ್ಯವಿರಲಿಲ್ಲ. ಅವರು ಹೇಳಿಕೊಟ್ಟರು, ಮೊಮ್ಮಗಳು ಸುತ್ತಿದಳು. ಅಂಚಿಗೆ ರಾಳ ತಿಕ್ಕಿಯಾಯಿತು. ಮೊದಲು ತಿರುಗಿಸುವವರು ಯಾರು? ಎಲ್ಲರೂ ಅವರನ್ನೇ ನೋಡಿದೆವು. ಅವರು ನಾಯಿಯ ದಾರದ ಬಿರಡೆಯನ್ನು ನನ್ನಿಂದ ಸಡಿಲ ಮಾಡಿಸಿದರು. ಕೈ ನಡುಗಿದಂತೆಲ್ಲ ಅದು ಬೊಗಳೀತೆಂಬ ಅಂಜಿಕೆ. ವಾದ್ಯವನ್ನು ಮಡಿಲಿಗೆ ತೆಗೆದುಕೊಂಡು, ಪಟ್ಟಿ ಬಿಗಿದುಕೊಂಡು, ಹಿಡಿಕೆಗೆ ಕೈಯಿಟ್ಟರು. ಕೈ ನಡುಗುತ್ತಿತ್ತು. ತಿರುಗಿಸಲು ತೊಡಗಿದ ಮೇಲೆ ನಡುಕ ನಿಂತಿತು. ಆ ಕಾಯಿಲೆಯ ನಡುಕ ಕೈ ಸುಮ್ಮನಿದ್ದಾಗಲೇ ಹೆಚ್ಚು, ಕೆಲಸಕ್ಕೆ ಹೂಡಿದಾಗ ತಗ್ಗುವುದುಂಟು ಎಂದು ಮಗಳು ಆಮೇಲೆ ಹೇಳಿದಳು. ಮೊದಲು ದುಂಬಿಗಳು ಮೊರೆದವು, ಆಮೇಲೆ ನೊಣ. ಆಮೇಲೆ ಒಂದೊಂದೇ ಬಿಲ್ಲೆಯೊತ್ತಿ ಒಂದು ಬೂರೆಯ ಮೊದಲ ಎರಡು ಸಾಲು. ಅಷ್ಟೇ. ನಾದಕ್ಕೆ ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಚಕ್ರ ಓಲಾಡಿದ್ದರೆ ಪ್ರತಿ ಸುತ್ತಿಗೂ ಸ್ವರ ಏದುಸಿರು ಬಿಡುತ್ತಿತ್ತು. ಅವರು ನಿಲ್ಲಿಸಿದರು. ಕೈ ಮತ್ತೆ ನಡುಗತೊಡಗಿತು. ಅದನ್ನು ಎಡಗೈಯಿಂದ ಮುಚ್ಚಿ ಹಿಡಿದುಕೊಂಡು, ನನ್ನತ್ತ ನೋಡಿ, ನಾನು ಅಷ್ಟರಲ್ಲಿ ಕಲಿತಿದ್ದ ಒಂದು ಫ್ರೆಂಚ್ ಮಾತು ಹೇಳಿದರು: “ಬೋಂ”. ಒಳ್ಳೆಯದು. ನಮ್ಮ ಕಾರ್ಖಾನೆಯ ಇನ್ಸ್‌ಪೆಕ್ಟರು ‘ಓಕೆ’ ಮುದ್ರೆ ಒತ್ತುವಾಗಲೂ ಇಷ್ಟೇ ಮಾತು.

ತಿಂಗಳ ಕೊನೆಗೆ ಅವರು ಹೊರಟುಹೋದರು. ಲೇತನ್ನು ನನಗೇ ಬಿಟ್ಟರು. 2021ರ ಚಳಿಗಾಲದಲ್ಲಿ ತೀರಿಕೊಂಡರೆಂದು ಅವರ ಮಗ ತಿಳಿಸಿದರು. ವಾದ್ಯ ಈಗ ಅವರ ಮೊಮ್ಮಗಳ ಹತ್ತಿರ ಇದೆ. ಆಕೆ ಹಳ್ಳಿಗಳ ಕುಣಿತದ ರಾತ್ರಿಗಳಲ್ಲಿ ನುಡಿಸುತ್ತಾಳಂತೆ. ನಾಯಿಯೂ ಚೆನ್ನಾಗಿ ಬೊಗಳುತ್ತದಂತೆ. ವರ್ಷಕ್ಕೊಮ್ಮೆ ನನ್ನ ಮೊಮ್ಮಗಳಿಗೆ ಕಾಗದ ಬರುತ್ತದೆ. ಶಾಂತರೆಲ್ ಹರಿದು ಹೊಸದು ಹಾಕಿದ್ದು, ಎರಡು ಬಿಲ್ಲೆಗಳು ಮಳೆಗಾಲದಲ್ಲಿ ಹಿಡಿದುಕೊಂಡಿದ್ದು, ಹತ್ತಿಯ ತಕರಾರು, ರಾಳದ ತಕರಾರು, ಎಲ್ಲವನ್ನೂ ಬರೆಯುತ್ತಾಳೆ. ಮೊಮ್ಮಗಳು ಅದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳುತ್ತಾಳೆ. ಅವಳ ಕನ್ನಡ ಅಡುಗೆಮನೆ ದಾಟಿ ಷೆಡ್ಡಿನವರೆಗೂ ಬಂದಿದೆ. ಕಾಗದ ಮುಗಿದ ಮೇಲೆ ನಾನು, “ಅಚ್ಚಿನ ವಿಷಯ ಏನೂ ಬರೆದಿಲ್ಲವೇ?” ಎಂದು ಕೇಳುತ್ತೇನೆ. “ಇಲ್ಲ ತಾತ, ಏನೂ ಇಲ್ಲ” ಎನ್ನುತ್ತಾಳೆ.

ಅಚ್ಚಿನ ಸುದ್ದಿ ಬಾರದಿರುವುದೇ ಅಚ್ಚಿನ ಕ್ಷೇಮಸಮಾಚಾರ.